ಸಾಲ ಯಾವುದು ಸಿಗುತ್ತೆ ಅಂತ ಕೇಳೋದಕ್ಕೆ ಮುಂಚೆ: ಮನೇಲೇ ಚಟ್ನಿಪುಡಿ ಬಿಸಿನೆಸ್ ಶುರು ಮಾಡೋ ದಾರಿ

"ಶೇಂಗಾ ಚಟ್ನಿ ಚೆನ್ನಾಗಿ ಮಾಡ್ತೀನಿ, ತಿಂದವರೆಲ್ಲ ಮಾರು ಮಾರು ಅಂತಾರೆ, ಯಾವ ಸಾಲ ತಗೊಳ್ಳಲಿ, ಸಬ್ಸಿಡಿ ಎಷ್ಟು ಬರುತ್ತೆ?" ಈ ಪ್ರಶ್ನೆ ನನಗೆ ವಾರಕ್ಕೆ ನಾಲ್ಕೈದು ಸಲ ಬರುತ್ತೆ, ಒಬ್ಬೊಬ್ಬರಿಗೂ ಫೋನಲ್ಲಿ ಅರ್ಧ ಗಂಟೆ ಹೇಳಿ ಹೇಳಿ ಸಾಕಾಗಿ ಅಲ್ಲ, ಫೋನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತೆ ಅಂತ ಇಲ್ಲಿ ಪೂರ್ತಿ ಬರೀತಿದೀನಿ. ಆರು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಸಾಂಬಾರ್ ಪುಡಿ. ನೀವು ಹಪ್ಪಳ, ಸಂಡಿಗೆ, ಕಡಕ್ ರೊಟ್ಟಿ, ಉಪ್ಪಿನಕಾಯಿ ಏನೇ ಮಾಡೋರಾಗಿದ್ರೂ ಹಂತಗಳು ಹೆಚ್ಚುಕಮ್ಮಿ ಇವೇ.

ಮೊದಲೇ ಒಂದು ಮಾತು. ನಾನು ನೋಡಿದ ಹಾಗೆ ಮನೆ ಬಿಸಿನೆಸ್‌ಗಳು ಸಾಲ ಸಿಗದೆ ನಿಂತಿದ್ದು ಕಮ್ಮಿ. ರೇಟು ತಪ್ಪು ಹಾಕಿ, ಉದ್ರಿ ಕೊಟ್ಟು, ತಮ್ಮ ಕೂಲಿ ಲೆಕ್ಕಕ್ಕೇ ಹಿಡೀದೆ ನಿಂತುಹೋಗಿದ್ದೇ ಜಾಸ್ತಿ. ಅದಕ್ಕೇ ಸಾಲದ ವಿಷಯ ಇಲ್ಲಿ ಎಂಟನೇ ಹಂತದಲ್ಲಿ ಬರುತ್ತೆ, ಮೊದಲನೇದರಲ್ಲಿ ಅಲ್ಲ. ದಯವಿಟ್ಟು ನೇರ ಅಲ್ಲಿಗೆ ಹಾರಬೇಡಿ.

ಶುರು ಮಾಡೋಕೆ ಬೇಕಾಗಿದ್ದು: ಆಧಾರ್, ಪ್ಯಾನ್ ಕಾರ್ಡ್, ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲ್ ನಂಬರ್ (ಒಟಿಪಿ ಬರಬೇಕು, ಇದು ಇಲ್ಲದೆ ಎಷ್ಟೋ ಜನ ತಿಂಗಳುಗಟ್ಲೆ ಅಲೆದಾಡ್ತಾರೆ), ಒಂದು ಡಿಜಿಟಲ್ ತೂಕದ ಯಂತ್ರ, ಒಂದು ಕೈ ಸೀಲಿಂಗ್ ಮೆಷಿನ್, ಎರಡು ನೋಟ್‌ಬುಕ್. ಮಿಕ್ಸಿ, ಬಾಣಲೆ, ಪರಾತ ಮನೇಲೇ ಇರುತ್ತೆ. ಅಷ್ಟೇ.

1. ಒಂದೇ ಐಟಂ ಹಿಡ್ಕೊಳ್ಳಿ

ಹತ್ತು ಥರ ಪುಡಿ ಮಾಡೋಕೆ ಬರುತ್ತೆ ಅಂತ ಹತ್ತನ್ನೂ ಶುರು ಮಾಡಬೇಡಿ. ಹತ್ತು ಐಟಂ ಅಂದ್ರೆ ಹತ್ತು ಲೇಬಲ್, ಹತ್ತು ಥರ ಸಾಮಾನು, ಅದರಲ್ಲಿ ಏಳು ಹೋಗದೆ ಉಳಿಯುತ್ತೆ, ಆ ಉಳಿದ ಏಳರಲ್ಲಿ ನಿಮ್ಮ ದುಡ್ಡು ಕೂತಿರುತ್ತೆ.

ಐದು ಕೆಜಿ ಮಾಡಿ, ಸಣ್ಣ ಸಣ್ಣ ಸ್ಯಾಂಪಲ್ ಮಾಡಿ, ಇಪ್ಪತ್ತು ಮನೆಗೆ ಕೊಡಿ. ಇದರಲ್ಲಿ ಹತ್ತು ಮನೆ ನಿಮಗೆ ಅಷ್ಟು ಪರಿಚಯ ಇಲ್ಲದವರದ್ದಾಗಿರಲಿ, ಯಾಕಂದ್ರೆ ಅತ್ತಿಗೆ ನಾದಿನಿ ಯಾರೂ ಚೆನ್ನಾಗಿಲ್ಲ ಅಂತ ಬಾಯಿಬಿಟ್ಟು ಹೇಳಲ್ಲ. ವಾರ ಬಿಟ್ಟು ಹೋಗಿ "ಹೆಂಗಿತ್ತು" ಅಂತ ಕೇಳೋ ಬದಲು "ಮುಂದಿನ ವಾರ ಮಾಡ್ತಿದೀನಿ, ನಿಮಗೆ ಎಷ್ಟು ಹಿಡೀಲಿ" ಅಂತ ಕೇಳಿ. ಹೊಗಳೋದು ಬೇರೆ, ದುಡ್ಡು ಕೊಟ್ಟು ತಗೊಳ್ಳೋದು ಬೇರೆ. ಇಪ್ಪತ್ತರಲ್ಲಿ ಎಂಟು ಮನೆ ಆರ್ಡರ್ ಹೇಳಿದ್ರೆ ಐಟಂ ಓಡುತ್ತೆ ಅಂತ ನಾನು ಲೆಕ್ಕ ಹಾಕ್ತೀನಿ. ಎರಡೋ ಮೂರೋ ಆದ್ರೆ ಖಾರ ಉಪ್ಪು ಬದಲಾಯಿಸಿ ಇನ್ನೊಂದು ರೌಂಡ್ ಮಾಡಿ.

ಒಂದು ಮುಖ್ಯ ವಿಷಯ, ಅಳತೆ ಬರೆದಿಡಿ. ಕೈ ಅಂದಾಜಿನ ರುಚಿ ಮನೆಗೆ ಸರಿ, ಅಂಗಡಿಗೆ ಸರಿಯಾಗಲ್ಲ, ಹೋದ ತಿಂಗಳ ಪ್ಯಾಕೆಟ್ಟೂ ಈ ತಿಂಗಳ ಪ್ಯಾಕೆಟ್ಟೂ ಒಂದೇ ಥರ ಇರಬೇಕು. ಉಪ್ಪನ್ನೂ ಗ್ರಾಂ ಲೆಕ್ಕದಲ್ಲೇ ತೂಗಿ.

ಈ ಸ್ಯಾಂಪಲ್ ಓಡಾಟ ನಡೀತಿರುವಾಗ್ಲೇ ನಾಲ್ಕನೇ ಹಂತದಲ್ಲಿ ಹೇಳಿರೋ ಫುಡ್ ರಿಜಿಸ್ಟ್ರೇಷನ್‌ಗೆ ಅರ್ಜಿ ಹಾಕಿಬಿಡಿ, ದುಡ್ಡು ತಗೊಂಡು ಮಾರೋ ಮೊದಲನೇ ಪ್ಯಾಕೆಟ್‌ಗೇ ಅದು ಬೇಕು.

2. ಕಾಸ್ಟಿಂಗ್, ಅಂದ್ರೆ ಒಂದು ಪ್ಯಾಕೆಟ್ ನಿಮಗೆ ನಿಜವಾಗ್ಲೂ ಎಷ್ಟಕ್ಕೆ ಬೀಳುತ್ತೆ

ಇದನ್ನ ನಿಧಾನಕ್ಕೆ ಓದಿ, ಪೆನ್ನು ಹಿಡ್ಕೊಂಡು ಓದಿ. ರೇಟುಗಳು ಲೆಕ್ಕ ತೋರಿಸೋಕೆ ನಾನು ಹಿಡಿದಿರೋದು, ನಿಮ್ಮೂರ ರೇಟು ಹಾಕ್ಕೊಳ್ಳಿ.

ಶೇಂಗಾ 9 ಕೆಜಿ, ಕೆಜಿಗೆ 140ರ ಹಾಗೆ 1260 ರೂಪಾಯಿ. ಬ್ಯಾಡಗಿ ಮೆಣಸಿನಪುಡಿ 700 ಗ್ರಾಂ, 280. ಬೆಳ್ಳುಳ್ಳಿ 100. ಜೀರಿಗೆ 45. ಉಪ್ಪು, ಬೆಲ್ಲ, ಹುಣಸೆ ಸೇರಿ 40. ಕರಿಬೇವು 25. ಒಟ್ಟು 1750.

ಹುರಿದಾಗ ಶೇಂಗಾದ ನೀರಂಶ ಹೋಗುತ್ತೆ, ಸಿಪ್ಪೆ ತೂರಿದಾಗ ಇನ್ನಷ್ಟು ಹೋಗುತ್ತೆ, 9 ಕೆಜಿ ಹಾಕಿದ್ದು 8 ಕೆಜಿ ಚಿಲ್ಲರೆಗೆ ಬರುತ್ತೆ. ಎಲ್ಲಾ ಸೇರಿ ರೆಡಿ ಮಾಲು ಸುಮಾರು ಒಂಬತ್ತೂವರೆ ಕೆಜಿ, ಅಂದ್ರೆ 200 ಗ್ರಾಮಿನ 47 ಪ್ಯಾಕೆಟ್. 1750ನ್ನ 47ರಿಂದ ಭಾಗಿಸಿದ್ರೆ ಪ್ಯಾಕೆಟ್‌ಗೆ 37 ರೂಪಾಯಿ.

ಎಲ್ಲರೂ ನಿಲ್ಲೋದು ಇಲ್ಲೇ. 37 ಬಿತ್ತು, 60ಕ್ಕೆ ಮಾರಿದ್ರೆ 23 ಲಾಭ ಅಂತ ಖುಷಿಪಡ್ತಾರೆ. ಮುಂದಕ್ಕೆ ನೋಡಿ.

ಗ್ಯಾಸ್ 100. ಪುಡಿ ಮಾಡೋಕೆ ಗಿರಣಿ ಅಥವಾ ಕರೆಂಟು 60. ಕವರ್ ಮತ್ತು ಲೇಬಲ್ ಪ್ಯಾಕೆಟ್‌ಗೆ 6ರ ಹಾಗೆ 282. ಕೂಲಿ, ನೀವೊಬ್ಬರು ಜೊತೆಗೊಬ್ಬರು ಅರ್ಧ ದಿನ, ತಲಾ 300ರ ಹಾಗೆ 600. ಸಾಮಾನು ತರೋಕೆ ಮಾಲು ಹಾಕೋಕೆ ಪೆಟ್ರೋಲು ಆಟೋ 150. ಹರಿದಿದ್ದು, ವಾಪಸ್ ಬಂದಿದ್ದು, ಸ್ಯಾಂಪಲ್ ಕೊಟ್ಟಿದ್ದು 100. ಈಗ ಒಟ್ಟು 3042. 47 ಪ್ಯಾಕೆಟ್‌ಗೆ ಹಂಚಿದ್ರೆ ಒಂದಕ್ಕೆ 65 ರೂಪಾಯಿ.

60ಕ್ಕೆ ಮಾರಿದವರು ಪ್ಯಾಕೆಟ್ ಒಂದಕ್ಕೆ 5 ರೂಪಾಯಿ ಕೈಯಿಂದ ಹಾಕ್ತಿದಾರೆ, ಗೊತ್ತೇ ಆಗ್ತಿಲ್ಲ. ಯಾಕೆ ಗೊತ್ತಾಗಲ್ಲ ಅಂದ್ರೆ ಗ್ಯಾಸು ಮನೆ ಸಿಲಿಂಡರಿಂದು, ಪೆಟ್ರೋಲು ಯಜಮಾನರ ಬೈಕಿಂದು, ಕೂಲಿ ತಮ್ಮದೇ. ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಮುಂದೆ ನಿಂತು ಶೇಂಗಾ ಹುರಿದು "ಮನೇಲಿ ಸುಮ್ನೆ ಕೂತಿರೋ ಬದಲು" ಅಂತ ಹೇಳ್ತಾರಲ್ಲ, ಆ ಮಾತು ಕೇಳಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ನಿಮ್ಮ ಕೂಲಿ ಬರೆದುಕೊಳ್ಳಿ. ನಾಳೆ ನಿಮಗೆ ಜ್ವರ ಬಂದ್ರೆ ಆ ಕೆಲಸಕ್ಕೆ ಇನ್ನೊಬ್ಬರನ್ನ ಕರೀಬೇಕು, ಅವರು ಪುಕ್ಕಟೆ ಮಾಡಲ್ಲ.

ಈಗ ಎಂಆರ್‌ಪಿ. ಅಂಗಡಿಯವರ ಮಾರ್ಜಿನ್, ಅಂದ್ರೆ ಅವರು ಇಟ್ಕೊಳ್ಳೋ ಪಾಲು, ಎಂಆರ್‌ಪಿ ಮೇಲೆ 20 ಪರ್ಸೆಂಟ್ ಅಂತ ಹಿಡಿಯಿರಿ. 100 ರೂಪಾಯಿ ಪ್ರಿಂಟ್ ಮಾಡಿದ್ರೆ ಅಂಗಡಿಗೆ 20, ನಿಮಗೆ 80, ಖರ್ಚು 65 ಕಳೆದ್ರೆ ಉಳಿಯೋದು 15. ಮುಂದೆ ಡಿಸ್ಟ್ರಿಬ್ಯೂಟರ್ ಬಂದು 8 ಪರ್ಸೆಂಟ್ ಕೇಳಿದ್ರೆ ಉಳಿಯೋದು 7. ನೀವೇ ನೇರ ಗಿರಾಕಿಗೆ 100ಕ್ಕೆ ಮಾರಿದ್ರೆ 35. ಈ ಮೂರು ಅಂಕಿ, 35, 15, 7, ನಿಮ್ಮ ಲೆಕ್ಕದಲ್ಲಿ ಎಷ್ಟೆಷ್ಟು ಬರುತ್ತೆ ಅಂತ ಗೋಡೆ ಮೇಲೆ ಬರೆದು ಅಂಟಿಸಿ, ಮುಂದಿನ ಎಲ್ಲಾ ನಿರ್ಧಾರಕ್ಕೂ ಇದೇ ಬೇಕು.

ಪಕ್ಕದ ಕಂಪನಿದು 70ಕ್ಕೆ ಸಿಗುತ್ತೆ, ನಮ್ದು 100ಕ್ಕೆ ಯಾರು ತಗೋತಾರೆ ಅಂತ ಕೇಳ್ತೀರ. ಅವರು ಟನ್ ಲೆಕ್ಕದಲ್ಲಿ ಶೇಂಗಾ ತಗೋತಾರೆ, ಆ ರೇಟಲ್ಲಿ ನೀವು ಗೆಲ್ಲೋಕಾಗಲ್ಲ, ಗೆಲ್ಲೋಕೆ ಹೋಗಲೂಬೇಡಿ. ಹೋದ ವಾರ ಹುರಿದ ಶೇಂಗಾದ ವಾಸನೆ ಪ್ಯಾಕೆಟ್ ಬಿಚ್ಚಿದ ತಕ್ಷಣ ಬರಬೇಕು, ಜನ 100 ಕೊಡೋದು ಅದಕ್ಕೆ.

3. ಮಾಲು ಕೆಡದ ಹಾಗೆ ನೋಡ್ಕೊಳ್ಳೋದು

ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆನೇ. ಆ ಎಣ್ಣೆಗೆ ಗಾಳಿ, ಬೆಳಕು, ಶಾಖ ತಾಗಿದ್ರೆ ಕಮಟು ವಾಸನೆ ಬರುತ್ತೆ. ತೆಳು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಅಂಗಡಿಯವರು ಬಿಸಿಲು ಬೀಳೋ ಕಡೆ ತೂಗುಹಾಕಿದ್ರೆ ಒಂದೇ ತಿಂಗಳಲ್ಲಿ ಕಥೆ ಮುಗೀತು. ಲ್ಯಾಮಿನೇಟೆಡ್ ಪೌಚ್, ಅಂದ್ರೆ ಎರಡು ಮೂರು ಪದರ ಅಂಟಿಸಿರೋ ದಪ್ಪ ಕವರ್, ಅದನ್ನೇ ತಗೊಳ್ಳಿ, ಫುಡ್ ಗ್ರೇಡ್ ಅಂತ ಕೇಳಿ ತಗೊಳ್ಳಿ.

ಹುರಿದ ಮೇಲೆ ಪೂರ್ತಿ ಆರಬೇಕು. ನಾನು ಶುರುವಿನಲ್ಲಿ ಮಾಡಿದ ತಪ್ಪು ಇದೇ, ಸಂಜೆ ಅಂಗಡಿಗೆ ಕೊಡ್ಬೇಕು ಅಂತ ಅವಸರದಲ್ಲಿ ಕೈಗೆ ಸ್ವಲ್ಪ ಬೆಚ್ಚಗೆ ತಾಗ್ತಿರುವಾಗ್ಲೇ ಸೀಲ್ ಮಾಡಿದೆ, ಮಾರನೇ ದಿನ ಕವರ್ ಒಳಗಡೆ ಸಾಸಿವೆ ಕಾಳಿನಷ್ಟು ನೀರಿನ ಹನಿ ಕೂತಿತ್ತು, ಹತ್ತು ದಿನಕ್ಕೆ ಆ ಹನಿ ಕೂತ ಜಾಗದಲ್ಲೇ ಬಿಳಿ ಬೂಸ್ಟು. 40 ಪ್ಯಾಕೆಟ್ ವಾಪಸ್ ತಂದು ಗುಂಡಿಗೆ ಹಾಕಿದೆ. ಈಗ ಸಂಜೆ ಹುರಿದು ಪರಾತದಲ್ಲಿ ಹರಡಿ ತೆಳು ಬಟ್ಟೆ ಮುಚ್ಚಿ ಬೆಳಿಗ್ಗೆ ಪುಡಿ ಮಾಡ್ತೀನಿ, ಪುಡಿ ಮಾಡುವಾಗ ಮತ್ತೆ ಬಿಸಿ ಆಗುತ್ತಲ್ಲ, ಅದೂ ಆರಿದ ಮೇಲೇ ಪ್ಯಾಕಿಂಗ್.

ಬೆಳ್ಳುಳ್ಳಿ ಹಸಿಯಾಗಿ ಹಾಕಬೇಡಿ, ಅದರ ನೀರೇ ಪುಡಿ ಕೆಡಿಸುತ್ತೆ, ಗರಿಗರಿ ಆಗೋವರೆಗೆ ಹುರಿದು ಹಾಕಿ. ಕರಿಬೇವೂ ಅಷ್ಟೇ, ತೊಳೆದು ನೆರಳಲ್ಲಿ ಒಣಗಿಸಿ ಆಮೇಲೆ ಹುರೀಬೇಕು.

ಶೇಂಗಾ ಆರಿಸೋದನ್ನ ಬಿಡಬೇಡಿ. ಸರಿಯಾಗಿ ಒಣಗದ ಶೇಂಗಾದಲ್ಲಿ ಬೂಸ್ಟಿನಿಂದ ಅಫ್ಲಟಾಕ್ಸಿನ್ ಅನ್ನೋ ವಿಷ ಸೇರುತ್ತೆ, ಲಿವರ್‌ಗೆ ಕೆಟ್ಟದ್ದು, ಹುರಿದ್ರೂ ಪೂರ್ತಿ ಹೋಗಲ್ಲ. ಕಪ್ಪಾಗಿರೋ, ಸುಕ್ಕಾಗಿರೋ, ಕಹಿ ಕಾಳು ಒಂದೊಂದನ್ನೂ ತೆಗೀಬೇಕು. ಬೇಜಾರಿನ ಕೆಲಸ ಹೌದು, ಆದ್ರೆ ಇನ್ನೊಬ್ಬರ ಮನೆ ಮಕ್ಕಳು ತಿನ್ನೋದು ಇದು.

ಬಾಳಿಕೆ ಎಷ್ಟು ದಿನ ಅಂತ ಗೊತ್ತಾಗೋಕೆ ಸುಲಭದ ದಾರಿ: ಪ್ರತಿ ಬ್ಯಾಚಿಂದ ಆರು ಪ್ಯಾಕೆಟ್ ಎತ್ತಿಡಿ, ಹದಿನೈದು ದಿನಕ್ಕೊಂದು ಬಿಚ್ಚಿ ಮೂಸಿ ತಿಂದು ನೋಡಿ ಬರೆದಿಡಿ. ಎಪ್ಪತ್ತೈದನೇ ದಿನಕ್ಕೆ ರುಚಿ ಇಳಿದ್ರೆ ಲೇಬಲ್ ಮೇಲೆ ಎರಡು ತಿಂಗಳು ಅಂತ ಹಾಕಿ, ಮೂರು ತಿಂಗಳು ಅಂತ ಆಸೆಗೆ ಹಾಕಬೇಡಿ. ಬ್ಯಾಚ್ ಅಂದ್ರೆ ಒಂದೇ ದಿನ ಒಟ್ಟಿಗೆ ಮಾಡಿದ ಮಾಲು, ಅದಕ್ಕೊಂದು ನಂಬರ್ ಕೊಡಿ.

4. ಕಾಗದಪತ್ರ

ಮೂರೇ ಇರೋದು, ಹೆದರಬೇಡಿ.

ಒಂದು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ) ನೋಂದಣಿ. ಆಹಾರ ಮಾರೋ ಯಾರಿಗಾದ್ರೂ ಬೇಕು, ಮನೇಲಿ ಮಾಡಿದ್ರೂ ಬೇಕು. ಫಾಸ್ಕೋಸ್ ಅನ್ನೋ ಸರ್ಕಾರಿ ಪೋರ್ಟಲಲ್ಲಿ ಅರ್ಜಿ. ಸಣ್ಣವರಿಗೆ "ರಿಜಿಸ್ಟ್ರೇಷನ್", ದೊಡ್ಡವರಿಗೆ "ಲೈಸೆನ್ಸ್". 2011ರಲ್ಲಿ ಬಂದ ನಿಯಮದಲ್ಲಿ ವರ್ಷಕ್ಕೆ 12 ಲಕ್ಷ ವಹಿವಾಟಿನವರೆಗೆ ರಿಜಿಸ್ಟ್ರೇಷನ್, ಫೀ ವರ್ಷಕ್ಕೆ 100 ರೂಪಾಯಿ ಅಂತ ಇಟ್ಟಿದ್ರು. ಮಿತಿ, ಫೀ ಎಲ್ಲಾ ಆಗಾಗ ತಿದ್ದುಪಡಿ ಆಗುತ್ತೆ, ಅರ್ಜಿ ಹಾಕೋ ದಿನ ಪೋರ್ಟಲಲ್ಲಿ ಏನಿದೆಯೋ ಅದೇ ಲೆಕ್ಕ. 14 ಅಂಕಿಯ ನಂಬರ್ ಬರುತ್ತೆ, ಅದು ಲೇಬಲ್ ಮೇಲೆ ಇರಲೇಬೇಕು.

ಎರಡು, ಉದ್ಯಮ್ ನೋಂದಣಿ. ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರ ಕೊಡೋ ಗುರುತಿನ ಚೀಟಿ ಇದ್ದ ಹಾಗೆ, 2020ರ ಜುಲೈ 1ರಿಂದ ಇದೆ. ಪೂರ್ತಿ ಉಚಿತ, ಆಧಾರ್ ಪ್ಯಾನ್ ಸಾಕು, ಯಾವ ಡಾಕ್ಯುಮೆಂಟೂ ಅಪ್‌ಲೋಡ್ ಮಾಡೋದಿಲ್ಲ. ಇಲ್ಲಿ ಎಚ್ಚರ! ಗೂಗಲಲ್ಲಿ ಉದ್ಯಮ್ ಅಂತ ಹುಡುಕಿದ್ರೆ ಸರ್ಕಾರಿ ವೆಬ್‌ಸೈಟ್ ಥರಾನೇ ಕಾಣೋ, ಅಶೋಕ ಸ್ತಂಭದ ಹಾಗೆ ಏನೋ ಹಾಕ್ಕೊಂಡಿರೋ ಖಾಸಗಿ ಸೈಟ್‌ಗಳು ಮೇಲೆ ಬರುತ್ತವೆ, ಒಂದೂವರೆ ಎರಡು ಸಾವಿರ ಕೇಳ್ತಾರೆ. ವಿಳಾಸದ ಕೊನೇಲಿ ಡಾಟ್ ಗವ್ ಡಾಟ್ ಇನ್ ಇದೆಯಾ ನೋಡಿ, ದುಡ್ಡು ಕೇಳಿದ್ರೆ ಅದು ಸರ್ಕಾರಿದಲ್ಲ ಅಂತ ತಿಳ್ಕೊಳ್ಳಿ.

ಮೂರು, ನಿಮ್ಮ ಪಂಚಾಯ್ತಿ, ಪುರಸಭೆ ಅಥವಾ ಪಾಲಿಕೆಯ ಟ್ರೇಡ್ ಲೈಸೆನ್ಸ್. ಅಡುಗೆ ಮನೇಲಿ ಐದು ಹತ್ತು ಕೆಜಿ ಮಾಡೋವಾಗ ಯಾರೂ ಕೇಳದೇ ಇರಬಹುದು, ಬೇರೆ ರೂಮು, ಮೆಷಿನ್ ಅಂತ ಬಂದಾಗ ಬೇಕೇ ಬೇಕು, ಬ್ಯಾಂಕಿನವರೂ ಕೇಳ್ತಾರೆ. ಕರೆಂಟ್ ಕನೆಕ್ಷನ್ ಕೂಡ ಅಷ್ಟೇ, ಮನೆ ಮೀಟರಲ್ಲಿ ದೊಡ್ಡ ಪಲ್ವರೈಸರ್ (ಪುಡಿ ಮಾಡೋ ಯಂತ್ರ) ಓಡಿಸಿ ಸಿಕ್ಕಿಬಿದ್ರೆ ದಂಡ, ಮೊದಲೇ ಎಸ್ಕಾಂ ಸೆಕ್ಷನ್ ಆಫೀಸಲ್ಲಿ ಕೇಳಿ.

ಹೆಸರಿಗೆ ಟ್ರೇಡ್‌ಮಾರ್ಕ್ ಯಾವಾಗ ಅಂತ ಕೇಳ್ತಾರೆ. ಹೆಸರು ಇಡೋ ಮುಂಚೆ ಟ್ರೇಡ್‌ಮಾರ್ಕ್ ಸೈಟಲ್ಲಿ 30ನೇ ಕ್ಲಾಸಲ್ಲಿ (ಮಸಾಲೆ, ಚಟ್ನಿ ಎಲ್ಲಾ ಬರೋದು ಅಲ್ಲಿ) ಆ ಹೆಸರು ಬೇರೆಯವರದ್ದಿದೆಯಾ ಅಂತ ಹುಡುಕಿ, ಅದು ಉಚಿತ. ಮಾರಾಟ ಸ್ಥಿರ ಆದ ಮೇಲೆ ಅರ್ಜಿ ಹಾಕಿ, ವ್ಯಕ್ತಿ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಫೀ ಒಂದು ಕ್ಲಾಸಿಗೆ 4500.

5. ಲೇಬಲ್

ಹತ್ತು ಸಾವಿರ ಪ್ರಿಂಟೆಡ್ ಪೌಚ್ ಒಂದೇ ಸಲ ಮಾಡಿಸಬೇಡಿ. ಒಂದು ನಂಬರ್ ತಪ್ಪಿದ್ರೆ ಎಲ್ಲಾ ದಂಡ. ಮೊದಲ ಆರು ತಿಂಗಳು ಸಾದಾ ಪೌಚ್, ಮೇಲೆ ಸ್ಟಿಕ್ಕರ್.

ಸ್ಟಿಕ್ಕರ್ ಮೇಲೆ ಇರಬೇಕಾದ್ದು: ಪದಾರ್ಥದ ಹೆಸರು, ಹಾಕಿರೋ ಸಾಮಾನುಗಳ ಪಟ್ಟಿ (ಜಾಸ್ತಿ ತೂಕದ್ದು ಮೊದಲು), ಪೌಷ್ಟಿಕಾಂಶದ ಪಟ್ಟಿ, ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ಲೋಗೋ ಮತ್ತು ನಂಬರ್, ನಿವ್ವಳ ತೂಕ, ಬ್ಯಾಚ್ ನಂಬರ್, ಮಾಡಿದ ದಿನ, ಎಲ್ಲಿವರೆಗೆ ಬಳಸಬಹುದು, ಎಲ್ಲಾ ತೆರಿಗೆ ಸೇರಿ ಎಂಆರ್‌ಪಿ, ಗ್ರಾಂಗೆ ಎಷ್ಟು ಬಿತ್ತು ಅನ್ನೋ ಯೂನಿಟ್ ಬೆಲೆ, ನಿಮ್ಮ ಪೂರ್ತಿ ವಿಳಾಸ, ದೂರು ಹೇಳೋಕೆ ಫೋನ್ ಮತ್ತು ಇಮೇಲ್. ಶೇಂಗಾ ಕೆಲವರಿಗೆ ಅಲರ್ಜಿ, ಅದಕ್ಕೆ "ಶೇಂಗಾ ಇದೆ" ಅಂತ ಬೇರೆಯಾಗಿ ಎದ್ದು ಕಾಣೋ ಹಾಗೆ ಬರೀಲೇಬೇಕು. ಪೌಷ್ಟಿಕಾಂಶದ ಅಂಕಿ ಇನ್ನೊಬ್ಬರ ಪ್ಯಾಕೆಟಿಂದ ಕಾಪಿ ಹೊಡೀಬೇಡಿ, ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿಗೆ ಒಂದು ಸ್ಯಾಂಪಲ್ ಕೊಟ್ಟು ಮಾಡಿಸಿ.

"ಶುಗರ್ ವಾಸಿ ಮಾಡುತ್ತೆ", "ಕೊಬ್ಬು ಕರಗಿಸುತ್ತೆ" ಅಂತೆಲ್ಲ ಬರೀಬೇಡಿ. ಕಾನೂನಿಗೂ ತಪ್ಪು, ನಂಬಿ ಮಾತ್ರೆ ಬಿಟ್ಟವರ ಪಾಪ ಬೇರೆ.

ತೂಕ ಎರಡು ಗ್ರಾಂ ಜಾಸ್ತಿ ಹಾಕಿ, ಕಮ್ಮಿ ಹಾಕಬೇಡಿ.

6. ಅಂಗಡಿಗೆ ಮಾಲು ಹಾಕೋದು, ಮತ್ತು ಉದ್ರಿ

ಮೊದಲ ಮೂರು ತಿಂಗಳು ನೇರ ಗಿರಾಕಿಗೇ ಮಾರಿ, 35 ಉಳಿಯೋದು ಅಲ್ಲೇ. ಅಪಾರ್ಟ್‌ಮೆಂಟ್ ಗ್ರೂಪು, ಆಫೀಸು, ಸ್ತ್ರೀಶಕ್ತಿ ಸಂಘ, ಜಾತ್ರೆ, ಶನಿವಾರದ ಸಂತೆ. ಆಮೇಲೆ ಅಂಗಡಿ.

ಅಂಗಡಿಯವರು ಹೇಳೋ ಮೊದಲ ಮಾತು "ಇಟ್ಟು ಹೋಗಿ ಅಕ್ಕಾ, ಮಾಲು ಹೋದ್ಮೇಲೆ ದುಡ್ಡು ಕೊಡ್ತೀನಿ". ಇದು ಅವರ ತಪ್ಪಲ್ಲ, ಎಲ್ಲರಿಗೂ ಹಾಗೇ ಹೇಳ್ತಾರೆ. ಆದ್ರೆ ಲೆಕ್ಕ ನೋಡಿ: 20 ಅಂಗಡಿ, ತಲಾ 12 ಪ್ಯಾಕೆಟ್, ಒಟ್ಟು 240. ನಿಮ್ಮ ಖರ್ಚು 65ರ ಹಾಗೆ 15,600 ರೂಪಾಯಿ ಬೇರೆಯವರ ಕಪಾಟಲ್ಲಿ ಕೂತಿದೆ, ಅದು ವಾಪಸ್ ಬರೋ ಮುಂಚೆ ಎರಡನೇ ಬ್ಯಾಚಿಗೆ ಶೇಂಗಾ ತರಬೇಕು. ಹೀಗೆ ಓಡಾಟಕ್ಕೆ ಬೇಕಾಗೋ ದುಡ್ಡಿಗೇ ವರ್ಕಿಂಗ್ ಕ್ಯಾಪಿಟಲ್ ಅನ್ನೋದು, ದುಡಿಯೋ ಬಂಡವಾಳ. ಲಾಭ ಇದ್ರೂ ಕೈಯಲ್ಲಿ ಕಾಸಿಲ್ಲದೆ ನಿಂತುಹೋಗೋದು ಇಲ್ಲೇ.

ನಾನು ಪಾಲಿಸೋ ನಿಯಮ: ಹೊಸ ಅಂಗಡಿಗೆ ಬರೀ 6 ಪ್ಯಾಕೆಟ್, ಮೊದಲ ಸಲ ಮಾತ್ರ ಉದ್ರಿ, ಹಳೇ ಬಿಲ್ ಚುಕ್ತಾ ಆಗದೆ ಹೊಸ ಮಾಲು ಇಳಿಸಲ್ಲ, ಎಷ್ಟೇ ಪರಿಚಯ ಇರಲಿ. ಪ್ರತಿ ಸಲ ಎರಡು ಪ್ರತಿ ಬಿಲ್, ಒಂದರ ಮೇಲೆ ಅವರ ಸಹಿ. ಹೋದಾಗೆಲ್ಲ ಹಳೇ ಪ್ಯಾಕೆಟ್ ಮುಂದಕ್ಕೆ ಜೋಡಿಸಿ, ತಾರೀಕು ಹತ್ತಿರ ಬಂದಿದ್ದನ್ನ ನೀವೇ ವಾಪಸ್ ತಗೊಳ್ಳಿ. ಎರಡು ತಿಂಗಳಲ್ಲಿ 6 ಪ್ಯಾಕೆಟ್ ಹೋಗದ ಅಂಗಡಿ ಬಿಟ್ಟುಬಿಡಿ, ಮರ್ಯಾದೆಯಿಂದ ಹೇಳಿ ಬಿಡಿ.

ದೊಡ್ಡ ಸೂಪರ್ ಮಾರ್ಕೆಟ್ ಆರ್ಡರ್ ಬಂತು ಅಂತ ಹಾರಬೇಡಿ, ಪೇಮೆಂಟ್ ಎಷ್ಟು ದಿನಕ್ಕೆ ಅಂತ ಬರವಣಿಗೇಲಿ ತಗೊಳ್ಳಿ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಉದ್ಯಮ್ ನೋಂದಣಿ ಇರೋ ನಿಮ್ಮಂಥ ತಯಾರಕರಿಗೆ ಒಪ್ಪಂದ ಇದ್ರೂ 45 ದಿನದೊಳಗೆ, ಒಪ್ಪಂದ ಇಲ್ಲದಿದ್ರೆ 15 ದಿನದೊಳಗೆ ದುಡ್ಡು ಕೊಡಬೇಕು, ಕೊಡದಿದ್ರೆ ಕೇಂದ್ರ ಸರ್ಕಾರದ ಎಂಎಸ್‌ಎಂಇ ಪೋರ್ಟಲಲ್ಲಿ ದೂರು ಹಾಕಬಹುದು. ಆ ಉಚಿತ ನೋಂದಣಿಯ ನಿಜವಾದ ಉಪಯೋಗ ಇದು.

7. ಖಾತೆ, ಯುಪಿಐ, ಜಿಎಸ್‌ಟಿ

ಬಿಸಿನೆಸ್‌ಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್, ಮೊದಲ ದಿನದಿಂದಲೇ. 2025ರ ಜುಲೈಯಲ್ಲಿ ಏನಾಯ್ತು ನೆನಪಿದೆಯಲ್ಲ, ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ಸಣ್ಣ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆಲ್ಲ ನೋಟಿಸ್ ಕಳಿಸ್ತು, ಬೆಂಗಳೂರಲ್ಲಿ ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರು. ಮನೆ ದುಡ್ಡು, ಚೀಟಿ ದುಡ್ಡು, ತಮ್ಮನಿಗೆ ಕೊಟ್ಟ ಸಾಲ ವಾಪಸ್ ಬಂದಿದ್ದು, ವ್ಯಾಪಾರದ ದುಡ್ಡು ಎಲ್ಲಾ ಒಂದೇ ಖಾತೇಲಿದ್ರೆ ಯಾವುದು ಯಾವುದು ಅಂತ ಬಿಡಿಸಿ ಹೇಳೋಕೆ ಪ್ರಾಣ ಹೋಗುತ್ತೆ.

ಕರ್ನಾಟಕದಲ್ಲಿ ಬರೀ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದ್ರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಸೇವೆಗೆ 20 ಲಕ್ಷ. ವಹಿವಾಟು ಅಂದ್ರೆ ಲಾಭ ಅಲ್ಲ, ಒಟ್ಟು ಮಾರಾಟ, ಅದೂ ಒಂದು ಪ್ಯಾನ್ ಮೇಲಿರೋ ಎಲ್ಲಾ ವ್ಯಾಪಾರ ಸೇರಿ, ತೆರಿಗೆ ಇಲ್ಲದ ಸಾಮಾನು ಮಾರಿದ್ದೂ ಸೇರಿ. ಇಲ್ಲಿ ಬೀಳೋ ಹಳ್ಳ ಬೇರೆ ಇದೆ: ಪುಣೆಯಲ್ಲಿರೋ ಅಕ್ಕನ ಪಕ್ಕದ ಮನೆಯವರು ಕೇಳಿದ್ರು, ಹೈದರಾಬಾದ್‌ಗೆ ಕೊರಿಯರ್ ಮಾಡಿದೆ ಅಂತಾರೆ. ರಾಜ್ಯದ ಹೊರಗೆ ಸರಕು ಮಾರೋಕೆ ವಹಿವಾಟು ಎಷ್ಟೇ ಕಮ್ಮಿ ಇದ್ರೂ ಜಿಎಸ್‌ಟಿ ನೋಂದಣಿ ಬೇಕು.

ನೋಂದಣಿ ಆದ ಮೇಲೆ ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಅನ್ನೋ ಸುಲಭದ ದಾರಿ ಇದೆ, ತಯಾರಕರು ಮಾರಾಟದ ಮೇಲೆ 1 ಪರ್ಸೆಂಟ್ ಕಟ್ಟಿದ್ರೆ ಆಯ್ತು. ಆದ್ರೆ ಆ ದಾರೀಲಿ ಹೊರ ರಾಜ್ಯಕ್ಕೆ ಮಾರೋ ಹಾಗಿಲ್ಲ, ಗಿರಾಕಿಯಿಂದ ಟ್ಯಾಕ್ಸ್ ಬೇರೆಯಾಗಿ ತಗೊಳ್ಳೋ ಹಾಗಿಲ್ಲ. ಯಾವುದು ನಿಮಗೆ ಸರಿ ಅಂತ ಒಬ್ಬ ಒಳ್ಳೆ ಆಡಿಟರ್ ಹತ್ರ ಒಂದು ಗಂಟೆ ಕೂತು ಕೇಳಿ, ಆ ಫೀ ದಂಡ ಅಲ್ಲ.

8. ಈಗ ಸಾಲ

ಇಲ್ಲಿಗೆ ಬರೋ ಹೊತ್ತಿಗೆ ನಿಮ್ಮ ಹತ್ರ ಆರು ತಿಂಗಳ ಮಾರಾಟದ ಪುಸ್ತಕ, ಬೇರೆ ಖಾತೆಯ ಸ್ಟೇಟ್‌ಮೆಂಟ್, ಎರಡು ನೋಂದಣಿ ಇರಬೇಕು. ಬರಿಗೈಲಿ ಹೋಗಿ "ಸಬ್ಸಿಡಿ ಲೋನ್ ಕೊಡಿ" ಅನ್ನೋದಕ್ಕೂ ಇದನ್ನ ಮ್ಯಾನೇಜರ್ ಟೇಬಲ್ ಮೇಲೆ ಇಟ್ಟು ಮಾತಾಡೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಮುದ್ರಾ: ಸಣ್ಣ ವ್ಯಾಪಾರದವರಿಗೆ ಬ್ಯಾಂಕ್ ಮೂಲಕ ಸಾಲ ಕೊಡೋ ಕೇಂದ್ರದ ಯೋಜನೆ, 2015ರಿಂದ ಇದೆ. ಶಿಶು 50 ಸಾವಿರದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ, ತರುಣ್ ತೀರಿಸಿದವರಿಗೆ 20 ಲಕ್ಷದವರೆಗೆ. ಅಡಮಾನ ಬೇಡ, ಆದ್ರೆ ಇದರಲ್ಲಿ ಸಬ್ಸಿಡಿ ಇಲ್ಲ. "ಮುದ್ರಾ ಮಾಡಿಸಿಕೊಡ್ತೀನಿ ಐದು ಸಾವಿರ ಕೊಡಿ" ಅನ್ನೋರಿಗೆ ಕೊಡಬೇಡಿ, ಮುದ್ರಾಗೆ ಏಜೆಂಟರೇ ಇಲ್ಲ.

ಪಿಎಂಎಫ್‌ಎಂಇ: ಆಹಾರ ಸಂಸ್ಕರಣೆಗೇ ಅಂತ 2020ರಲ್ಲಿ ಬಂದ ಯೋಜನೆ, ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಸಬ್ಸಿಡಿ ಕೇಂದ್ರದ್ದು 35 ಪರ್ಸೆಂಟ್, ಅದರ ಮೇಲೆ ಕರ್ನಾಟಕ ಸರ್ಕಾರ 15 ಸೇರಿಸಿ ಒಟ್ಟು 50 ಪರ್ಸೆಂಟ್, 15 ಲಕ್ಷದವರೆಗೆ. ರಾಜ್ಯದಲ್ಲಿ ನೋಡ್ಕೊಳ್ಳೋದು ಕೆಪೆಕ್ ಅನ್ನೋ ಸರ್ಕಾರಿ ನಿಗಮ. ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ, ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡೋದೇ ಅವರ ಕೆಲಸ, ನೀವು ಅವರಿಗೆ ದುಡ್ಡು ಕೊಡಬೇಕಿಲ್ಲ. ನಿಮ್ಮ ಕೈಯಿಂದ ಕನಿಷ್ಠ 10 ಪರ್ಸೆಂಟ್ ಹಾಕ್ಬೇಕು. ಅರ್ಜಿ ಈಗ ತಗೋತಿದಾರಾ ಅಂತ ಜಿಲ್ಲಾ ಕೃಷಿ ಇಲಾಖೇಲಿ ಕೇಳಿ ಮುಂದುವರಿಯಿರಿ.

ಪಿಎಂಇಜಿಪಿ: ಸ್ವಂತ ಉದ್ಯೋಗ ಶುರು ಮಾಡೋರಿಗೆ ಕೇಂದ್ರದ ಸಾಲ-ಸಬ್ಸಿಡಿ ಯೋಜನೆ, ತಯಾರಿಕೆಗೆ 50 ಲಕ್ಷದ ಪ್ರಾಜೆಕ್ಟ್‌ವರೆಗೆ. ಹಳ್ಳೀಲಿ ಮಹಿಳೆಯರು, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರಿಗೆ ಸಬ್ಸಿಡಿ 35 ಪರ್ಸೆಂಟ್, ಸಾಮಾನ್ಯ ವರ್ಗಕ್ಕೆ 25, ನಗರದಲ್ಲಿ 25 ಮತ್ತು 15. ಈ ಲೆಕ್ಕ ಹೊಸ ಯೂನಿಟ್‌ಗೆ ಮಾತ್ರ, ಇದಕ್ಕೂ ಅರ್ಜಿ ಈಗ ತಗೋತಿದಾರಾ ಅಂತ ಕೇಳಿ.

ಸಬ್ಸಿಡಿ ಬಗ್ಗೆ ತಪ್ಪು ತಿಳುವಳಿಕೆ ಜಾಸ್ತಿ. ಅದು ನಿಮ್ಮ ಕೈಗೆ ಬರೋ ದುಡ್ಡಲ್ಲ. ಸಾಲದ ಖಾತೆಗೆ ಹೊಂದಿಸಿ ಬ್ಯಾಂಕಲ್ಲಿ ಮೂರು ವರ್ಷ ಲಾಕ್ ಆಗಿರುತ್ತೆ, ಅಷ್ಟು ದಿನ ಕಂತು ಸರಿಯಾಗಿ ಕಟ್ಟಿ ಯೂನಿಟ್ ನಡೀತಿದ್ರೆ ಮಾತ್ರ ಸಾಲದಲ್ಲಿ ಕಳೀತಾರೆ.

ಈಗ ಗೋಡೆ ಮೇಲಿನ ಅಂಕಿ ನೋಡಿ. 5 ಲಕ್ಷ ಸಾಲ, 11 ಪರ್ಸೆಂಟ್ ಬಡ್ಡಿ, ಐದು ವರ್ಷ ಅಂದ್ರೆ ತಿಂಗಳ ಕಂತು ಸುಮಾರು 10,870. ಅಂಗಡಿ ಮೂಲಕ ಪ್ಯಾಕೆಟ್‌ಗೆ 15 ಉಳಿಯೋದಾದ್ರೆ ಕಂತಿಗೇ 725 ಪ್ಯಾಕೆಟ್ ಹೋಗಬೇಕು. ಡಿಸ್ಟ್ರಿಬ್ಯೂಟರ್ ಮೂಲಕ 7 ಉಳಿದ್ರೆ 1550ಕ್ಕೂ ಮೇಲೆ. ಈಗ ತಿಂಗಳಿಗೆ 400 ಪ್ಯಾಕೆಟ್ ಹೋಗ್ತಿದ್ರೆ ಈ ಸಾಲ ಬೇಡ, 50 ಸಾವಿರದ ಶಿಶು ಸಾಕು.

9. ದೊಡ್ಡದು ಮಾಡೋದು

ಮೆಷಿನ್ ಯಾವಾಗ? ಮೂರು ತಿಂಗಳು ಸತತವಾಗಿ ಆರ್ಡರ್ ವಾಪಸ್ ಕಳಿಸೋ ಪರಿಸ್ಥಿತಿ ಬಂದಾಗ. ಮೊದಲು ಬ್ಯಾಂಡ್ ಸೀಲರ್ (ಪ್ಯಾಕೆಟ್ ತಾನಾಗಿ ಸಾಗುತ್ತಾ ಸೀಲ್ ಆಗೋ ಯಂತ್ರ), ಆಮೇಲೆ ರೋಸ್ಟರ್, ಕೊನೇಲಿ ಪಲ್ವರೈಸರ್, ಯಾಕಂದ್ರೆ ಪುಡಿ ಮಾಡೋಕೆ ಊರ ಗಿರಣಿ ಇದ್ದೇ ಇದೆ, ಪುಡಿ ಮಾಡಿಸೋ ಮುಂಚೆ ಗಿರಣಿಯವರ ಮೆಷಿನ್ ನಿಮ್ಮ ಕಣ್ಣೆದುರೇ ತೊಳೆಸಿ. ಮೆಷಿನ್ ತಗೊಳ್ಳೋವಾಗ ಮೂರು ಕೊಟೇಶನ್, ಮತ್ತೆ ಅದೇ ಮೆಷಿನ್ ಓಡಿಸ್ತಿರೋ ಒಬ್ಬರ ಹತ್ರ ಹೋಗಿ ನೋಡಿ, ಸೇಲ್ಸ್‌ನವರು ಗಂಟೆಗೆ 50 ಕೆಜಿ ಅಂದ್ರೆ ನಿಜಕ್ಕೂ ಎಷ್ಟು ಬರುತ್ತೆ ಅಂತ ಅವರೇ ಹೇಳ್ತಾರೆ.

ಸಾಮಾನು ಸೀಸನ್ನಲ್ಲಿ ಹಿಡಿಯಿರಿ. ಬ್ಯಾಡಗಿ ಮಾರ್ಕೆಟ್ಟಿಗೆ ಹೊಸ ಮೆಣಸಿನಕಾಯಿ ಜನವರಿಯಿಂದ ಏಪ್ರಿಲ್‌ವರೆಗೆ ಜೋರಾಗಿ ಬರುತ್ತೆ, ಆಗ ಆರು ತಿಂಗಳಿಗಾಗೋಷ್ಟು ತಗೊಂಡು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಗೆ ಹಾಕಿಟ್ರೆ ಮಳೆಗಾಲದ ರೇಟಿಂದ ತಪ್ಪಿಸಿಕೊಳ್ಳಬಹುದು.

ಕೆಲಸಕ್ಕೆ ಮೊದಲ ಸಲ ಒಬ್ಬರನ್ನ ಇಟ್ಕೊಳ್ಳೋವಾಗ ಪ್ಯಾಕಿಂಗ್‌ಗೆ ಇಟ್ಕೊಳ್ಳಿ, ಹುರಿಯೋದು ವರ್ಷದವರೆಗಾದ್ರೂ ನಿಮ್ಮ ಕೈಯಲ್ಲೇ ಇರಲಿ, ರುಚಿ ಇರೋದು ಅಲ್ಲಿ. ಕೂಲಿ ವಾರಕ್ಕೆ ಸರಿಯಾಗಿ ಕೊಡಿ, ಅಂಗಡಿಯಿಂದ ಬಂದಿಲ್ಲ ಅಂತ ಅವರದ್ದು ನಿಲ್ಲಿಸಬೇಡಿ.

ಇರೋ ನೌಕರಿ ಬಿಡೋದು ಯಾವಾಗ ಅಂತ ತುಂಬಾ ಜನ ಕೇಳ್ತಾರೆ. ಎಲ್ಲಾ ಖರ್ಚು, ನಿಮ್ಮ ಕೂಲಿ, ಕಂತು ಕಳೆದು ಆರು ತಿಂಗಳು ಬಿಡದೆ ನಿಮ್ಮ ಸಂಬಳದ ಮುಕ್ಕಾಲು ಭಾಗ ಉಳೀತಿದ್ರೆ, ಮತ್ತೆ ನಾಲ್ಕು ತಿಂಗಳ ಮನೆ ಖರ್ಚು ಬೇರೆ ಖಾತೇಲಿದ್ರೆ, ಆಗ ಯೋಚನೆ ಮಾಡಿ. ಅಲ್ಲಿವರೆಗೆ ಬೇಡ.

ಕಲಿಯೋದಕ್ಕೆ ಎಲ್ಲಿ ಹೋಗಲಿ ಅನ್ನೋರಿಗೆ: ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರೀಲೇ ದೇಶದ ಜಿಲ್ಲೆ ಜಿಲ್ಲೆಗೂ ಆರ್‌ಸೆಟಿ ಕೇಂದ್ರಗಳು ಬಂದಿವೆ, ಬ್ಯಾಂಕ್‌ಗಳೇ ನಡೆಸೋದು, ಹಳ್ಳಿ ಕಡೆಯವರಿಗೆ ತರಬೇತಿ, ಊಟ, ವಸತಿ ಉಚಿತ. ಪುಡಿ ಉಪ್ಪಿನಕಾಯಿಯ ಟೆಕ್ನಿಕಲ್ ವಿಷಯ ಆಳವಾಗಿ ಬೇಕಾದ್ರೆ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ) ಶುಲ್ಕ ಕಟ್ಟಿ ಕಲಿಯೋ ಸಣ್ಣ ಕೋರ್ಸ್‌ಗಳಿವೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಒಂದು ಫೋನ್ ಮಾಡಿ, ಮೌಲ್ಯವರ್ಧನೆ ತರಬೇತಿ ಯಾವಾಗಿದೆ ಅಂತ ಕೇಳಿ. ಹೋಗುವಾಗ ಆಧಾರ್, ರೇಷನ್ ಕಾರ್ಡ್, ನಾಲ್ಕು ಫೋಟೋ, ಜೊತೆಗೆ ನಿಮ್ಮ ಪುಡಿಯ ಎರಡು ಪ್ಯಾಕೆಟ್ ತಗೊಂಡು ಹೋಗಿ, ಅಲ್ಲಿ ಕಲಿಸೋರಿಗೆ ಒಂದು ಕೊಟ್ಟು ಏನು ತಪ್ಪಿದೆ ಅಂತ ನೇರವಾಗಿ ಕೇಳಿ.